ಕೋಳಿಕಾಲಿನ ಗುರುತು

ಇಡೀ ಊರಿಗೆ ಒಂದೇ ಎಸ್‌ಟಿಡಿ ಬೂತು, ಅದರ ಮುಂದೆ ಸದಾ ನಾಲ್ಕು ಜನ ಕಾಯುತ್ತಿದ್ದ ದಿನಗಳವು. ಪಾಂಡವಪುರದ ಸುತ್ತಮುತ್ತ ಆಗ ಮಚ್ಚನ್ನು ಯಾರೂ ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಕುಲುಮೆಗೇ ಬಂದು ಮಾಡಿಸಿಕೊಳ್ಳುತ್ತಿದ್ದರು, ಇಲ್ಲವೇ ಸಂತೆಗೆ ಹೊರಟವರಿಗೆ ಹೇಳಿ ಕಳಿಸುತ್ತಿದ್ದರು. "ಕೋಳಿಕಾಲಿಂದು ನೋಡಿ ತಕ್ಕಬಾ, ಬ್ಯಾರೇದು ಬ್ಯಾಡ" ಎಂದರೆ ಸಾಕಿತ್ತು. ಹೋದವನಿಗೆ ಓದು ಬರಹ ಬಾರದಿದ್ದರೂ ಸರಿಯಾದುದನ್ನೇ ತರುತ್ತಿದ್ದ. ಆ ಕೋಳಿಕಾಲು ನಮ್ಮ ಮನೆಯದು.

ಕೋಳಿಕಾಲು ಅಂದರೆ ಮತ್ತೇನಲ್ಲ, ಮೂರು ಗೆರೆ. ಹಿಡಿಯಿಂದ ನಾಲ್ಕು ಬೆರಳು ಮೇಲೆ, ಕಬ್ಬಿಣ ಇನ್ನೂ ಕೆಂಪಗಿರುವಾಗ, ಚಾಣವನ್ನು ನೇರವಾಗಿಟ್ಟು ಒಂದು ಏಟು, ಎಡಕ್ಕೆ ವಾಲಿಸಿ ಒಂದು, ಬಲಕ್ಕೆ ವಾಲಿಸಿ ಒಂದು. ಮೂರೂ ಬುಡದಲ್ಲಿ ಕೂಡಬೇಕು. ನಮ್ಮ ತಾತ ಶುರು ಮಾಡಿದ್ದಂತೆ. ಅವರಿಗೆ ತಮ್ಮ ಹೆಸರು ಬರೆಯಲು ಬರುತ್ತಿರಲಿಲ್ಲ, ಆದ್ದರಿಂದ ಹೆಸರಿನ ಬದಲು ಇದನ್ನು ಹೊಡೆದರು. ಹತ್ತು ವರ್ಷ ಮಸೆದು, ತುಕ್ಕು ಹಿಡಿದು, ಅರ್ಧ ಸವೆದ ಮಚ್ಚಿನಲ್ಲೂ ಬೆರಳಾಡಿಸಿದರೆ ಆ ಮೂರು ಗೆರೆ ಸಿಗುತ್ತಿದ್ದವು. ಈಗ ಶ್ರೀರಂಗಪಟ್ಟಣದಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಹೋಟೆಲಿನವರಿಗೆ, ಹಾಲಿನ ಡೇರಿಯವರಿಗೆ, ಗಾಣದೆಣ್ಣೆಯವರಿಗೆ ಲೋಗೋ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಎಷ್ಟೋ ಮಾಡಿದ್ದೇನೆ. ಅಂಥದ್ದೊಂದು ಇದುವರೆಗೆ ನನ್ನ ಕೈಯಲ್ಲಿ ಬಂದಿಲ್ಲ.

ಕುಲುಮೆ ದೊಡ್ಡಪ್ಪ ಮತ್ತು ಅಪ್ಪ ಇಬ್ಬರದೂ. ಮನೆಯೂ ಒಂದೇ. ದೊಡ್ಡಪ್ಪ ಇಕ್ಕಳದಲ್ಲಿ ಹಳೆ ಲಾರಿಯ ಸ್ಪ್ರಿಂಗ್ ಪಟ್ಟೆಯ ತುಂಡು ಹಿಡಿದು ಸಣ್ಣ ಸುತ್ತಿಗೆಯಲ್ಲಿ ಜಾಗ ತೋರಿಸಿದರೆ, ಅಪ್ಪ ದೊಡ್ಡ ಸುತ್ತಿಗೆಯಲ್ಲಿ ಅಲ್ಲೇ ಬಡಿಯಬೇಕು. ಒಂದು ಸಣ್ಣ ಸದ್ದು, ಒಂದು ದೊಡ್ಡ ಸದ್ದು, ಬೆಳಗಿನಿಂದ ಸಂಜೆಯವರೆಗೂ ಹಾಗೇ. ಅವರಿಬ್ಬರೂ ಕೆಲಸದ ಹೊತ್ತಲ್ಲಿ ಮಾತಾಡಿದ್ದು ನನಗೆ ನೆನಪಿಲ್ಲ. ಮಾತಿನ ಅಗತ್ಯ ಬೀಳುತ್ತಿರಲಿಲ್ಲವೇನೋ. ಗಾಳಿ ಊದುವ ಚಕ್ರ ತಿರುಗಿಸುವುದು ದೊಡ್ಡಪ್ಪನ ಮಗಳು ಸರೋಜ ಮತ್ತು ನನ್ನ ಪಾಲಿನ ಕೆಲಸ. ಶಾಲೆಯಿಂದ ಬಂದವರೇ ಚೀಲ ಬಿಸಾಡಿ ಅಲ್ಲಿಗೆ ಓಡುತ್ತಿದ್ದೆವು. ಇದ್ದಿಲ ಹೊಗೆ, ಕಾದ ಕಬ್ಬಿಣವನ್ನು ಅದ್ದಿದಾಗ ಏಳುವ ನೀರಿನ ವಾಸನೆ, ಬಿಸಿ ಮಚ್ಚಿನ ಬಾಲವನ್ನು ಮರದ ಹಿಡಿಗೆ ತೂರಿಸಿದಾಗ ಬರುವ ಸಿಹಿಯಾದ ಸುಟ್ಟ ವಾಸನೆ ನಮ್ಮ ಲಂಗಗಳಲ್ಲೇ ಇರುತ್ತಿತ್ತು.

ಸರೋಜ ನನಗಿಂತ ಎರಡೇ ತಿಂಗಳು ದೊಡ್ಡವಳು. ಅಷ್ಟಕ್ಕೇ ನನ್ನ ಮೇಲೆ ಅಧಿಕಾರ ನಡೆಸುತ್ತಿದ್ದಳು. ಚೌಕಾಬಾರದಲ್ಲಿ ಮೋಸ ಮಾಡುತ್ತಿದ್ದಳು, ಹಿಡಿದರೆ ಅಳುತ್ತಿದ್ದಳು, ಅತ್ತಿದ್ದಕ್ಕೆ ನನಗೇ ಬೈಗುಳ ಬೀಳುತ್ತಿತ್ತು. ಆಲೆಮನೆಯವರು ಕುಡುಗೋಲು ಹದ ಮಾಡಿಸಿಕೊಂಡು ಹೋಗುವಾಗ ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲದ ಪಾಕ ತಂದುಕೊಟ್ಟರೆ ಅದರಲ್ಲಿ ಮುಕ್ಕಾಲು ಅವಳದು. ನನಗೆ ಅವಳನ್ನು ಬಿಟ್ಟರೆ ಇನ್ನೊಬ್ಬ ಗೆಳತಿ ಬೇಕು ಅಂತ ಅನ್ನಿಸಿಯೇ ಇರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಗೌರಿ ಹಬ್ಬ ಕಳೆದ ಮೇಲೆ, ಅಣ್ಣತಮ್ಮಂದಿರು ಬೇರೆಯಾದರು. ಯಾಕೆ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಅವ್ವ ಹೇಳುತ್ತಿದ್ದುದು ಒಂದು, ದೊಡ್ಡವ್ವ ಹೇಳುತ್ತಿದ್ದುದು ಇನ್ನೊಂದು. ನೆಂಟರಲ್ಲಿ ಹಿರಿಯರಾದ ಐದು ಜನ ಬಂದು ಜಗಲಿಯ ಮೇಲೆ ಕೂತು ಪಾತ್ರೆ, ಪಡಗ, ಸುತ್ತಿಗೆ, ಇಕ್ಕಳ ಎಲ್ಲವನ್ನೂ ಎರಡು ಪಾಲು ಮಾಡಿದರು. ಕೊನೆಗೆ ಉಳಿದದ್ದು ಕೋಳಿಕಾಲು. ಅದನ್ನು ಹೇಗೆ ಪಾಲು ಮಾಡುತ್ತೀರಿ? ನಮ್ಮಲ್ಲಿ ಗುರುತು ಕುಲುಮೆಗೆ ಸೇರಿದ್ದು, ಕುಲುಮೆ ಹಿರಿಯವನಿಗೆ ಸೇರಿದ್ದು. ಕಿರಿಯವನು ಹೊರಗೆ ಹೋದರೆ ತನ್ನ ಗುರುತು ತಾನು ಮಾಡಿಕೊಳ್ಳಬೇಕು.

"ಅಡಿಗಲ್ಲ್ ಮುಟ್ಟಿ ಯೋಳ್ಬುಡು ಪುಟ್ಸಾಮಿ" ಎಂದರು ಹಿರಿಯರೊಬ್ಬರು.

ಅಡಿಗಲ್ಲು ಅಂದರೆ ಕಬ್ಬಿಣವನ್ನು ಇಟ್ಟು ಬಡಿಯುವ ದಿಮ್ಮಿ. ನಮಗೆ ಅದು ದೇವರು. ಅದನ್ನು ದಾಟುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ, ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೇ. ಅಪ್ಪ ಅದರ ಮೇಲೆ ಅಂಗೈ ಇಟ್ಟು, "ಇನ್ ಮ್ಯಾಕೆ ನನ್ ಕೈಲಿ ಕೋಳಿಕಾಲು ಒಡೆಯಕ್ಕಿಲ್ಲ" ಎಂದರು. ದೊಡ್ಡಪ್ಪ ಬೇರೆ ಕಡೆ ನೋಡುತ್ತಿದ್ದರು. ಸರೋಜ ಮತ್ತು ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆವು, ಅವಳು ನನ್ನ ಜಡೆಯ ತುದಿ ಹಿಡಿದುಕೊಂಡಿದ್ದಳು.

ನಾವು ಕಿರಂಗೂರಿಗೆ ಬಂದೆವು. ದೂರವೇನಲ್ಲ, ಬಸ್ಸಿನಲ್ಲಿ ಕೂತು ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಬರುತ್ತದೆ. ಆದರೆ ಮಕ್ಕಳನ್ನು ಅಷ್ಟಕ್ಕೆ ಬಸ್ಸು ಹತ್ತಿಸಿ ಕಳಿಸುವವರು ಯಾರು? ರಸ್ತೆ ಪಕ್ಕ ಒಂದು ಶೀಟಿನ ಶೆಡ್ಡು, ಹಿಂದೆ ಎರಡು ಕೋಣೆಯ ಬಾಡಿಗೆ ಮನೆ, ಆಚೆ ಗದ್ದೆ ಬಯಲು, ಬಯಲಿನ ಕೊನೆಗೆ ಕರಿಘಟ್ಟದ ಬೆಟ್ಟ. ಹೊಸ ಶಾಲೆಯಲ್ಲಿ ಎಲ್ಲರಿಗೂ ಆಗಲೇ ಜೊತೆಯಿದ್ದರು. ಬೆಂಚಿನ ತುದಿಯಲ್ಲಿ ನನಗೆ ಕಾಲುಭಾಗ ಜಾಗ ಸಿಕ್ಕಿತು, ಅಷ್ಟೇ. ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಗಾಳಿ ಚಕ್ರ ತಿರುಗಿಸುತ್ತಿದ್ದೆ. ಅಲ್ಲಿಯೂ ಈಗ ಒಂದೇ ಸದ್ದು. ಅಪ್ಪ ಒಂದು ಕೈಯಲ್ಲಿ ಇಕ್ಕಳ ಹಿಡಿದು ಇನ್ನೊಂದು ಕೈಯಲ್ಲಿ ತಾವೇ ಬಡಿಯುತ್ತಿದ್ದರು. ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಒಬ್ಬಳೇ ಆಡುತ್ತಿದ್ದೆ. ಸರೋಜಳ ಕಾಯಿಗಳನ್ನೂ ನಾನೇ ನಡೆಸುತ್ತಿದ್ದೆ, ಅವಳ ಪರವಾಗಿ ಮೋಸವನ್ನೂ ನಾನೇ ಮಾಡುತ್ತಿದ್ದೆ. ಆಗಲೂ ಅವಳೇ ಗೆಲ್ಲುತ್ತಿದ್ದಳು.

ಅಪ್ಪನಿಗೆ ಹೊಸ ಗುರುತು ಬೇಕಿತ್ತು. ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು, "ಮಗ, ನೀನ್ ಚೆಂದಾಗಿ ಬರೀತೀಯಲ್ಲ, ನಮ್ದೂ ಅಂತ ಒಂದು ಬರ್ದುಕೊಡು" ಎಂದರು. ನನಗೆ ರೆಕ್ಕೆ ಬಂದಂತಾಯಿತು. ಹಿಂದಿನ ವರ್ಷವಷ್ಟೇ ಶಾಲೆಯಲ್ಲಿ ನವಿಲಿನ ಚಿತ್ರಕ್ಕೆ ಸ್ಟೀಲ್ ಡಬ್ಬಿ ಬಹುಮಾನ ಬಂದಿತ್ತು. ಅದೇ ನವಿಲನ್ನು ಎರಡು ದಿನ ಕೂತು ಬರೆದೆ. ಗರಿ ಬಿಚ್ಚಿದ ನವಿಲು, ಗರಿಗೊಂದು ಕಣ್ಣು, ಕಣ್ಣಿನೊಳಗೆ ಕಣ್ಣು, ಕೊಕ್ಕಿನಲ್ಲಿ ಒಂದು ಹೂವು. ಹೂವಿಗೆ ಐದು ಎಸಳು. ಅಪ್ಪ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಅವತ್ತು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದರಂತೆ.

ನಾಗಮಂಗಲದಲ್ಲಿ ಅವ್ವನ ಕಡೆಯ ನೆಂಟರೊಬ್ಬರಿದ್ದರು, ಹಿತ್ತಾಳೆ ವಿಗ್ರಹಗಳ ಮೇಲೆ ಸೂಕ್ಷ್ಮ ಕೆತ್ತನೆ ಮಾಡುವವರು. ನಾನು ಮಾವ ಅನ್ನುತ್ತಿದ್ದೆ. ಅವರ ಹತ್ತಿರ ಉಕ್ಕಿನ ಅಚ್ಚು ಕೆತ್ತಿಸಲು ಅಪ್ಪನ ಜೊತೆ ನಾನೂ ಹೋದೆ. ಮಾವ ಚಿತ್ರವನ್ನು ನೋಡಿ ನನ್ನ ತಲೆ ಸವರಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಇತ್ತಾಳೆ ಮ್ಯಾಲೆ ಆದ್ರೆ ನಾನೇ ಮಾಡ್ಕೊಡ್ತಿದ್ದೆ ಕಣಪ್ಪ. ನಿಂದು ಕಾದ ಕಬ್ಬುಣ. ಇಷ್ಟ್ ಸಣ್ಣ ಗೆರೆ ಅದ್ರ ಮ್ಯಾಲೆ ನಿಂತದ?" ಎಂದರು.

"ಮಗ ಬರ್ದದೆ. ಇರ್ಲಿ ಬುಡಿ" ಎಂದರು ಅಪ್ಪ.

"ನೀನು ಕಸುಬುದಾರ, ನಿಂಗೆ ನಾನು ಯೋಳ್ಕೊಡ್ಬೇಕಾ?"

"ಗೊತ್ತದೆ. ಇರ್ಲಿ."

ಅಪ್ಪನಿಗೆ ಗೊತ್ತಿತ್ತು. ಮೂವತ್ತು ವರ್ಷ ಕಬ್ಬಿಣ ಬಡಿದವರಿಗೆ ಗೊತ್ತಿಲ್ಲದೇ ಇರುತ್ತದೆಯೇ? ಊರು ಬಿಟ್ಟ ಮೇಲೆ ನಾನು ನಕ್ಕಿದ್ದು ಆ ಎರಡು ದಿನ ಮಾತ್ರ ಅಂತ ಅವ್ವ ಅವರಿಗೆ ಹೇಳಿದ್ದಳಂತೆ. ಈ ವಿಷಯ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಚ್ಚು ಬಂತು. ಕೆಂಪಗೆ ಕಾದ ಮಚ್ಚಿನ ಮೇಲೆ ಅಪ್ಪ ಅದನ್ನಿಟ್ಟು ಒಂದು ಏಟು ಹಾಕಿದರು. ತೆಗೆದು ನೋಡಿದರೆ ಗರಿಯೂ ಇಲ್ಲ, ಕಣ್ಣೂ ಇಲ್ಲ, ಒಂದು ಉಂಡೆ. ಇನ್ನೊಂದರ ಮೇಲೆ ಮೆಲ್ಲಗೆ ಹೊಡೆದರು, ಅರ್ಧ ಉಂಡೆ. "ಉಜ್ಜುದ್ರೆ ಕಾಣ್ತದೆ ಬುಡು" ಎಂದು ನನ್ನ ಮುಖ ನೋಡದೆ ಹೇಳಿದರು. ಉಜ್ಜಿದರು. ಎಣ್ಣೆ ಹಚ್ಚಿದರು. ನವಿಲು ಕಾಣಲಿಲ್ಲ.

ಕಬ್ಬು ಕಡಿಯುವ ಕಾಲ ಬಿರುಸಾಗಿತ್ತು. ಮಚ್ಚಿಗೆ ಬೇಡಿಕೆ ಇರುವುದೇ ಆಗ. ಕೆ.ಆರ್. ಪೇಟೆ ಸಂತೆಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಗೋಣಿ ಹಾಸಿ ಹದಿನೈದು ಮಚ್ಚು ಸಾಲಾಗಿ ಇಟ್ಟೆವು. ಪಕ್ಕದಲ್ಲಿ ಸೊಗಡಿನ ಅವರೆಕಾಯಿ ರಾಶಿ, ಎದುರಿಗೆ ಹಗ್ಗದವನು. ಬಂದವರು ಮಚ್ಚು ಎತ್ತಿ ಉಗುರಲ್ಲಿ ಮೀಟಿ ಸದ್ದು ಕೇಳುತ್ತಿದ್ದರು, ತೂಗಿ ನೋಡುತ್ತಿದ್ದರು, ಮುಖ ಅರಳುತ್ತಿತ್ತು. ಆಮೇಲೆ ತಿರುಗಿಸಿ ಗುರುತು ನೋಡುತ್ತಿದ್ದರು. ಅಲ್ಲಿಗೆ ಮುಗಿಯಿತು.

"ಏನ್ ಆಚಾರ್ರೆ ಇದು, ಅಲಸಿನಕಾಯಾ?" ಎಂದ ಒಬ್ಬ.

"ಕಪ್ಪೆ ಕಣ್ಲಾ" ಎಂದ ಅವನ ಜೊತೆಗಿದ್ದವನು.

"ನವಿಲು" ಎಂದೆ ನಾನು. ಇಬ್ಬರೂ ಮತ್ತೊಮ್ಮೆ ಬಗ್ಗಿ ನೋಡಿ, ಪಾಪ ಅಂದುಕೊಂಡವರಂತೆ ಮಚ್ಚನ್ನು ಮೆಲ್ಲಗೆ ಗೋಣಿಯ ಮೇಲಿಟ್ಟರು.

ವಯಸ್ಸಾದ ಗೌಡರೊಬ್ಬರು ಮಾತ್ರ ಅಪ್ಪನ ಗುರುತು ಹಿಡಿದು, "ಕೋಳಿಕಾಲು ಆಚಾರ್ರಲ್ವಾ ನೀವು? ಕೋಳಿಕಾಲಿಂದು ಇಲ್ವಾ?" ಎಂದರು.

"ಅದು ಅಣ್ಣಂದು ಗೌಡ್ರೆ ಈಗ. ಇದೂ ಅದೇ ಕೈ, ಅದೇ ಹದ."

"ಅದೇ ಕೈ ಅಂತ ನಂಗೆಂಗ್ ಗೊತ್ತಾದದು? ನಾಳೀಕೆ ನನ್ ಮಗುನ್ನ ಸಂತೆಗೆ ಕಳುಸ್ದಾಗ ಏನಂತ ಯೋಳ್ಳಿ? ಅಲಸಿನಕಾಯ್ದು ತತ್ತಾ ಅನ್ಲಾ, ಕಪ್ಪೇದು ತತ್ತಾ ಅನ್ಲಾ?"

ಅವರು ಹಂಗಿಸಿ ಹೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಗುರುತಿನ ಬಗ್ಗೆ ನಾನು ಇವತ್ತಿನವರೆಗೆ ಕಲಿತದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಒಬ್ಬ ಇನ್ನೊಬ್ಬನಿಗೆ ಬಾಯಲ್ಲಿ ಹೇಳಿ ಕಳಿಸಲು ಆಗದ ಗುರುತು ಎಷ್ಟು ಚೆಂದವಿದ್ದರೂ ದಂಡ. ಆದರೆ ಹತ್ತು ವರ್ಷದ ಹುಡುಗಿಗೆ ಅವತ್ತು ತಿಳಿದದ್ದು ಇಷ್ಟೇ: ಅಪ್ಪನ ಮಚ್ಚು ಹೋಗದಿರುವುದು ನನ್ನಿಂದ. ಹದಿನೈದರಲ್ಲಿ ಹನ್ನೆರಡನ್ನು ಮತ್ತೆ ಗೋಣಿಯಲ್ಲಿ ಸುತ್ತಿಕೊಂಡು ಬಂದೆವು. ಬಸ್ಸಿನಲ್ಲಿ ಅಪ್ಪ ನನಗೆ ಕಡಲೆಕಾಯಿ ಸುಲಿದು ಕೊಡುತ್ತಾ, "ಒಸ ಗುರುತು, ಜನ ಪಳಗ್ಬೇಕು" ಎಂದರು. ಕೊಟ್ಟ ಬೀಜವನ್ನೆಲ್ಲ ನಾನು ಮಡಿಲಲ್ಲೇ ಗುಡ್ಡೆ ಹಾಕಿಕೊಂಡೆ.

ಮುಂದಿನ ವಾರದ ಸಂತೆ ಹೊತ್ತಿಗೆ ಅಪ್ಪನಿಗೆ ಜ್ವರ. ಬೆಳಗೊಳದ ನಿಂಗೇಗೌಡರು ನಮ್ಮ ಹೊಸ ಕುಲುಮೆಯ ಮೊದಲ ಗಿರಾಕಿ, ಅಪ್ಪನಿಗೆ ಸ್ನೇಹಿತರೂ ಆಗಿದ್ದರು. ಎತ್ತು ನೋಡಲು ಕೆ.ಆರ್. ಪೇಟೆಗೆ ಹೋಗುವುದಿತ್ತು ಅವರಿಗೆ. "ಕೊಡಿ ಆಚಾರ್ರೆ, ನಿಮ್ ಮಚ್ಚೂ ಮಾರ್ಕೊಂಡ್ ಬತ್ತೀನಿ" ಎಂದಿದ್ದರು. ಹೊರಡುವ ದಿನ ಅಪ್ಪ ಒಳಗೆ ಕಂಬಳಿ ಹೊದ್ದು ಮಲಗಿದ್ದರು, ಅವ್ವ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಶೆಡ್ಡಿನಲ್ಲಿ ಗೋಣಿ ಕಟ್ಟು ಇತ್ತು. ನಾನು ಗಂಟು ಬಿಚ್ಚಿದೆ.

ಹಿಡಿಯ ಹತ್ತಿರದ ಕಬ್ಬಿಣಕ್ಕೆ ಹದ ಹಾಕಿರುವುದಿಲ್ಲ, ಅಲ್ಲಿ ಮೆತ್ತಗಿರುತ್ತದೆ. ಕುಲುಮೆಯಲ್ಲಿ ಬೆಳೆದ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಚ್ಚನ್ನು ಮಗುಚಿ ಉಂಡೆಯಿಲ್ಲದ ಕಡೆ ಒಂದು ಕೈಯಲ್ಲಿ ಚಾಣ ಇಟ್ಟೆ, ಸುತ್ತಿಗೆಯನ್ನು ಇನ್ನೊಂದು ಕೈಯಲ್ಲಿ ಗಿಡ್ಡ ಹಿಡಿದು ಹೊಡೆದೆ. ಒಂದು ಗೆರೆ. ಇನ್ನೊಂದು. ಮತ್ತೊಂದು. ಕೋಳಿ ಸ್ವಲ್ಪ ಕುಂಟಾಗಿತ್ತು, ಆದರೆ ಕೋಳಿಯೇ. ಆಣೆ ಮಾಡಿದ್ದು ಅಪ್ಪನ ಕೈ, ನನ್ನ ಕೈ ಅಲ್ಲವಲ್ಲ ಅಂತ ಮನಸ್ಸಿನಲ್ಲೇ ನ್ಯಾಯ ತೀರಿಸಿಕೊಂಡೆ. ಇನ್ನೊಂದು ಆಸೆಯೂ ಇತ್ತು, ಈಗ ಹೇಳಿದರೆ ನಗು ಬರುತ್ತದೆ. ಎರಡೂ ಮನೆಯ ಮಚ್ಚಿನ ಮೇಲೆ ಒಂದೇ ಗುರುತು ಇದ್ದರೆ ಎರಡೂ ಮನೆ ಮತ್ತೆ ಒಂದಾಗಬಹುದು, ಸರೋಜ ಬರಬಹುದು ಅಂದುಕೊಂಡಿದ್ದೆ. ಐದು ಮಚ್ಚಿಗೆ ಹೊಡೆಯುವಷ್ಟರಲ್ಲಿ ಅವ್ವನ ಬಳೆ ಸದ್ದು ಕೇಳಿತು. ಗಂಟು ಕಟ್ಟಿ ಹೊರಗೆ ಬಂದೆ.

ಮಾರನೆಯ ದಿನ ನಿಂಗೇಗೌಡರು ಜಗಲಿಗೆ ಬರುವಾಗಲೇ ಕೂಗಿಕೊಂಡು ಬಂದರು.

"ಕೋಳಿಕಾಲು ಆಕ್ಬುಟ್ಟಿದ್ದೀರಲ್ಲಾ ಆಚಾರ್ರೆ! ಒಳ್ಳೇ ಕೆಲ್ಸ ಮಾಡುದ್ರಿ ಬುಡಿ. ಒಬ್ಬ ನೋಡ್ದ, ನಾಕ್ ಜನ ಮುಗ್ಬಿದ್ರು. ಐದೂ ಒಂದೇ ಏಟ್ಗೆ ಓದ್ವು. ಆ ಏಳು ಅಂಗೇ ಅವೆ, ಅವುಕ್ಕೂ ಒಡೀರಿ."

ಅಪ್ಪ ಗೋಡೆಗೆ ಒರಗಿ ಕೂತಿದ್ದವರು ನಿಧಾನಕ್ಕೆ ಎದ್ದರು. ಗೌಡರಿಗೆ ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಶೆಡ್ಡಿಗೆ ಹೋಗಿ ಚಾಣವನ್ನು ಕೈಯಲ್ಲಿ ಹಿಡಿದು ಬಾಯಿ ನೋಡಿದರು. ತಣ್ಣನೆಯ ಕಬ್ಬಿಣಕ್ಕೆ ಹೊಡೆದದ್ದರಿಂದ ಅದರ ಬಾಯಿ ಒಂದು ಕಡೆ ಮುರಿದಿತ್ತು. ನನ್ನ ಕಡೆ ಒಮ್ಮೆ ನೋಡಿದರು. ಚಾಣವನ್ನು ಅದರ ಜಾಗದಲ್ಲೇ ಇಟ್ಟು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ದಿನ ದೊಡ್ಡಪ್ಪ ಬಂದರು. ಟವೆಲಿನಲ್ಲಿ ಸುತ್ತಿಕೊಂಡು ಒಂದು ಮಚ್ಚು ತಂದಿದ್ದರು. ಸಂತೆಯಲ್ಲಿ ಕೊಂಡವನೊಬ್ಬ ಹಿಡಿ ಬಿಗಿ ಮಾಡಿಸಲು ಅದನ್ನು ಅವರ ಕುಲುಮೆಗೇ ಒಯ್ದಿದ್ದನಂತೆ, ಕೋಳಿಕಾಲು ಅಂದರೆ ಅವರೇ ಅಂದುಕೊಂಡು. ನಾನು ದೊಡ್ಡಪ್ಪನನ್ನು ನೋಡಿದವಳೇ ಖುಷಿಯಿಂದ ರಸ್ತೆಯವರೆಗೆ ಓಡಿದೆ, ಹಿಂದೆ ಸರೋಜ ಇರಬಹುದು ಅಂತ. ಅವರೊಬ್ಬರೇ ಇದ್ದರು. ಒಳಗೆ ಬರಲಿಲ್ಲ, ನೀರೂ ಮುಟ್ಟಲಿಲ್ಲ. ಶೆಡ್ಡಿನ ಮುಂದೆ ನಿಂತು ಟವೆಲು ಬಿಚ್ಚಿದರು.

"ಏನ್ಲಾ ಇದು?"

ಅಪ್ಪ ಮಚ್ಚನ್ನು ತೆಗೆದುಕೊಂಡು ಕುಂಟು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು. ನಾನು ಬಾಗಿಲ ಕಂಬ ಹಿಡಿದು ನಿಂತಿದ್ದೆ.

"ಹೂಂ ಕಣಣ್ಣ. ನಾನೇ ಒಡ್ದೆ."

"ಅಡಿಗಲ್ಲ್ ಮುಟ್ಟಿದ್ದೆ ಕಣ್ಲಾ ನೀನು! ನಮ್ಮಪ್ಪ ಕೆಲ್ಸ ಮಾಡಿದ್ ಅಡಿಗಲ್ಲು!"

"ತಪ್ಪಾಯ್ತು."

"ಒಡೆಯೋದ್ ಒಡ್ದೆ, ನೆಟ್ಟಗಾದ್ರೂ ಒಡ್ದಿದ್ಯಾ? ಈ ಕುಂಟ್ ಕೋಳೀನ ನಂದು ಅಂತ ನಾಕ್ ಜನ ನೋಡ್ಲಾ?" ದೊಡ್ಡಪ್ಪ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. "ನೀನ್ ಬಂದು ಕೇಳಿದ್ರೆ ಕೊಡ್ತಿರ್ನಿಲ್ವೇನ್ಲಾ ನಾನು? ಬಾಯ್ ಬುಟ್ಟು ಒಂದ್ ಮಾತ್ ಕೇಳಿದ್ರೆ ಕೊಡ್ತಿದ್ದೆ ಕಣ್ಲಾ."

ಮಚ್ಚನ್ನು ಅಲ್ಲೇ ಬಿಟ್ಟು ಹೋದರು. ಅಪ್ಪ ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತರು. ಬಸ್ಸು ಬರುವವರೆಗೂ ಅಣ್ಣ ರಸ್ತೆಯ ಆ ಬದಿ, ತಮ್ಮ ಈ ಬದಿ ನಿಂತೇ ಇದ್ದರು. ಬಸ್ಸು ಹೋದ ಮೇಲೆ ನಾನು ಅಪ್ಪನ ಕಾಲು ಹಿಡಿದು ಅತ್ತೆ. ನಾನು ಹೋಗಿ ದೊಡ್ಡಪ್ಪನಿಗೆ ನಿಜ ಹೇಳುತ್ತೇನೆ ಅಂದೆ.

"ಸುಮ್ಕಿರು ಮಗ" ಎಂದರು ಅಪ್ಪ. "ತಾನ್ ಮಾಡ್ಬುಟ್ಟು ಕೂಸಿನ್ ಮ್ಯಾಲೆ ಆಕ್ದ ಅಂತಾರೆ. ಅದು ಇದಕ್ಕಿಂತ ಕ್ಯಟ್ಟದು."

ಸಂಕ್ರಾಂತಿ ಬಂತು. ಎಳ್ಳು ಬೀರಲು ಅಣ್ಣತಮ್ಮಂದಿರ ಮನೆಗೆ ಹೋಗದೆ ಇರಬಾರದು, ಗಂಡಸರ ಜಗಳ ಗಂಡಸರಿಗೆ ಅಂತ ಅವ್ವ ನನ್ನನ್ನು ಕರೆದುಕೊಂಡು ಪಾಂಡವಪುರಕ್ಕೆ ಹೊರಟಳು. ಕೊಬ್ಬರಿ, ಬೆಲ್ಲ, ಹುರಿಗಡಲೆಯನ್ನು ನಾನೇ ಸಣ್ಣಗೆ ಹೆಚ್ಚಿದ್ದೆ, ಸರೋಜಳಿಗೆ ಅಂತ ಎರಡು ಸಕ್ಕರೆ ಅಚ್ಚು ಬೇರೆ ಎತ್ತಿಟ್ಟಿದ್ದೆ. ಅವ್ವ ಒಳಗೆ ಹೋದಳು. ಸರೋಜ ಹೊಸ ಲಂಗ ಹಾಕಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಅವಳ ಪಕ್ಕದಲ್ಲಿ ನನಗೆ ಗುರುತಿಲ್ಲದ ಇಬ್ಬರು ಹುಡುಗಿಯರಿದ್ದರು.

"ನಿಮ್ಮಪ್ಪ ಆಣೆ ಮುರ್ದವ್ರಂತೆ ಕಣಮ್ಮಿ" ಎಂದಳು. "ನಿನ್ ಕುಟ್ಟೆ ಸೇರ್ಬ್ಯಾಡ ಅಂದವ್ರೆ ನಮ್ಮಪ್ಪ."

ನಾನು ಹೊಡೆದದ್ದು, ನಾನು, ಅಂತ ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅಪ್ಪ ಸುಮ್ಮನಿರು ಅಂದದ್ದು ಒಂದು ನೆಪ. ನಿಜ ಏನೆಂದರೆ, ಹೇಳಿದರೆ ಅವಳು ನನ್ನನ್ನು ಬಿಟ್ಟುಬಿಡುತ್ತಾಳೆ ಅಂತ ಹೆದರಿದೆ. ಅಪ್ಪನನ್ನು ಸುಳ್ಳುಗಾರನಾಗಿಯೇ ಬಿಟ್ಟು ಅವಳನ್ನು ಉಳಿಸಿಕೊಳ್ಳಲು ನೋಡಿದೆ. ಅವಳು ಎಳ್ಳಿನ ಪೊಟ್ಟಣ ತೆಗೆದುಕೊಂಡು, ತನ್ನದೊಂದು ನನ್ನ ಕೈಗೆ ಹಾಕಿ, ಆ ಹುಡುಗಿಯರ ಜೊತೆ ಬೀದಿಗಿಳಿದಳು. ಸಕ್ಕರೆ ಅಚ್ಚು ನನ್ನ ಕೈಯಲ್ಲೇ ಉಳಿದು ಬೆವರಿಗೆ ಅಂಟಾಗಿದ್ದವು.

ಅಪ್ಪ ನವಿಲಿನ ಅಚ್ಚನ್ನೂ ಆ ವಾರವೇ ಕುಲುಮೆಗೆ ಹಾಕಿ ಕಾಯಿಸಿ, ಬಡಿದು ಮೊಳೆ ಮಾಡಿಬಿಟ್ಟರು. ನಿಂಗೇಗೌಡರು ಬೇರೆ ಏನಾದರೂ ಗುರುತು ಹಾಕಿ, ಒಂದು ಚುಕ್ಕಿಯಾದರೂ ಸರಿ ಅಂತ ಎಷ್ಟೋ ಹೇಳಿದರು. "ಮಾತ್ ಉಳುಸ್ಕಳ್ದೋನ್ಗೆ ಗುರುತ್ಯಾಕೆ ಗೌಡ್ರೆ" ಎಂದರು ಅಪ್ಪ. ಅದಾದ ಮೇಲೆ ಅವರು ಇಪ್ಪತ್ತು ವರ್ಷ ಕೆಲಸ ಮಾಡಿದರು. ಮಚ್ಚು, ಕುಡುಗೋಲು, ಗುದ್ದಲಿ, ಎಲ್ಲವೂ ಬೋಳು. ಕೊಂಡವರು ಚೆನ್ನಾಗಿದೆ ಅನ್ನುತ್ತಿದ್ದರು, ಮತ್ತೆ ಕೊಳ್ಳುವಾಗ ಯಾರದೆಂದು ಹೇಳಲು ಬಾರದೆ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಿದ್ದರು. ದೊಡ್ಡಪ್ಪ ತೀರಿಕೊಂಡಾಗ ಅಪ್ಪ ಹೋಗಿ ಜನರ ಹಿಂದೆ ನಿಂತು ಮಣ್ಣು ಹಾಕಿ ಬಂದರು. ಆಮೇಲೆ ಸ್ಟಿಕ್ಕರು ಅಂಟಿಸಿದ ಫ್ಯಾಕ್ಟರಿ ಮಚ್ಚುಗಳು ಬಂದವು, ಎರಡೂ ಕುಲುಮೆ ಆರಿದವು.

ಅಪ್ಪ ಹೋಗಿ ಈಗ ಮೂರು ವರ್ಷ. ಹನ್ನೊಂದನೇ ದಿನಕ್ಕೆ ಸರೋಜ ನಾಗಮಂಗಲದ ತನ್ನ ಗಂಡನ ಮನೆಯಿಂದ ಬಂದಿದ್ದಳು. ಊಟದ ಎಲೆ ಎತ್ತಿದ ಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಅವಳಿಗೆ ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಯೋಚಿಸಿದಳು.

"ಅಯ್ಯೋ, ಅದಕ್ಕಾ ಅವ್ರು ಮಾತ್ ಬುಟ್ಟಿದ್ದು? ನಂಗ್ ಗ್ಯಾಪ್ಕಾನೇ ಇಲ್ಲ ಕಣಮ್ಮಿ. ಚಿಕ್ಕುಡುಗೀರು ನಾವು, ಬುಡತ್ಲಾಗೆ." ಆಮೇಲೆ ತನ್ನ ಮಗನ ಮದುವೆಗೆ ಕಾರ್ಡು ಮಾಡಿಕೊಡು ಅಂದಳು. ಮಾಡಿಕೊಡುತ್ತೇನೆ ಅಂದೆ.

ಅಂಗಡಿಗೆ ಬರುವವರು ಲೋಗೋದಲ್ಲಿ ಮನೆದೇವರು, ಹಸು, ತೆಂಗಿನಮರ, ಮಗಳ ಹೆಸರು, ಫೋನ್ ನಂಬರು ಎಲ್ಲವನ್ನೂ ತುಂಬಿಸಲು ಹೇಳುತ್ತಾರೆ. ಅವರಿಗೆ ಚೆಂದವಾಗಿ ಬುದ್ಧಿ ಹೇಳುತ್ತೇನೆ. ಕಡಿಮೆ ಮಾಡಿ, ಮೂರು ಗೆರೆ ಸಾಕು, ನೋಡಿದವರು ಇನ್ನೊಬ್ಬರಿಗೆ ಹೇಳಿ ಕಳಿಸುವಂತಿರಬೇಕು ಅನ್ನುತ್ತೇನೆ. ಈ ಮೇಡಂಗೆ ಕೆಲಸ ಗೊತ್ತು ಅಂತ ಅವರು ಮೆಚ್ಚಿಕೊಂಡು ಹೋಗುತ್ತಾರೆ. ಅಂಗಡಿ ಬಾಗಿಲು ಹಾಕಿಕೊಂಡು ಕಿರಂಗೂರಿನ ಮನೆಗೆ ಬರುವ ದಾರಿಯಲ್ಲಿ ಮಾತಾಡಲು ನನಗೆ ಯಾರೂ ಇಲ್ಲ. ಅಪ್ಪನದೊಂದು ಮಚ್ಚು ಮನೆಯಲ್ಲಿ ಇಟ್ಟುಕೊಳ್ಳೋಣ ಅಂತ ಹುಡುಕಿದರೆ ಅದೂ ಸಿಗಲಿಲ್ಲ. ಇದ್ದವೆಲ್ಲ ಹಳೆ ಕಬ್ಬಿಣದವನಿಗೆ ಹೋಗಿದ್ದವು.

ಹೋದ ತಿಂಗಳು ಹೆದ್ದಾರಿಯ ಪಕ್ಕ ಎಳನೀರು ಕುಡಿಯಲು ನಿಂತಿದ್ದೆ. ಹುಡುಗ ಕೆತ್ತುತ್ತಿದ್ದ ಮಚ್ಚು ಸವೆದು ಸಣ್ಣಗಾಗಿತ್ತು, ಆದರೂ ಒಂದೇ ಏಟಿಗೆ ತಲೆ ಹಾರುತ್ತಿತ್ತು. ಒಂದು ನಿಮಿಷ ಕೊಡಪ್ಪ ಅಂತ ಇಸಿದುಕೊಂಡು ಎರಡೂ ಕಡೆ ತಿರುಗಿಸಿದೆ, ಹಿಡಿಯ ಹತ್ತಿರ ಸೆರಗಿನಿಂದ ಒರೆಸಿದೆ.

"ಏನ್ ಉಡುಕ್ತಿದ್ದೀರಕ್ಕ? ಅದ್ರಲ್ಲೇನೂ ಇಲ್ಲ" ಎಂದ.

"ಯಾರು ಮಾಡಿದ್ದು ಇದು?"

"ಗೊತ್ತಿಲ್ಲ ಕಣಕ್ಕ. ನಮ್ ತಾತನ ಕಾಲದ್ದು. ಒಳ್ಳೆ ಮಾಲು, ಇಂಥದ್ದು ಈಗ ಸಿಕ್ಕಕ್ಕಿಲ್ಲ."

ಅಪ್ಪನದಿರಬಹುದು. ಅಪ್ಪನದಲ್ಲದೆಯೂ ಇರಬಹುದು. ಮಚ್ಚನ್ನು ಅವನಿಗೆ ವಾಪಸು ಕೊಟ್ಟೆ.